ಏಣಿಯ ಕೆಳಗಿನ ಪಾವಟಿಗೆ

ಬೆಳಗಾವಿಯಿಂದ ಬಾಗಲಕೋಟೆ ರಸ್ತೆ ಹಿಡಿದರೆ ಸಿಗುವ ಸಾಂಬ್ರಾ ವಿಮಾನಗಳ ಊರು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷರ ವಾಯುಪಡೆ ಇಲ್ಲಿ ನಿಲ್ದಾಣ ಕಟ್ಟಿತು. ಇಂದಿಗೂ ವಾಯುಪಡೆಗೆ ಸೇರಿದ ಹುಡುಗರು ಇಲ್ಲಿನ ಶಾಲೆಯಲ್ಲಿ ತರಬೇತಿ ಪಡೆಯುತ್ತಾರೆ. ಇಲ್ಲಿಗೆ ಬಂದಿಳಿಯುವ ಪ್ರಯಾಣಿಕರ ವಿಮಾನದ ಬಾಗಿಲನ್ನು ಒಳಗಿನಿಂದಲೂ ತೆಗೆಯಬಹುದು, ಹೊರಗಿನಿಂದಲೂ ತೆಗೆಯಬಹುದು. ಆಪತ್ತಿನಲ್ಲಿ ಬಾಗಿಲು ಯಾರಿಗೆ ಬೇಕಾಗುತ್ತದೆ, ಅವರು ಯಾವ ಬದಿಯಲ್ಲಿರುತ್ತಾರೆ ಎಂದು ಮೊದಲೇ ಹೇಳಲಾಗದು. ಆ ತಿಳಿವಳಿಕೆಯೇ ಅಲ್ಲಿ ನಿಯಮವಾಗಿದೆ. ಹಾಯಿದೋಣಿಯ ಹಿಂಬದಿಗೆ ಕೂರಿಸುವ ಏಣಿಗೂ ಇದೇ ನಿಯಮ ಬೇಕು ಎಂಬುದು ನನ್ನ ವಾದ. ನೀರಿಗೆ ಬಿದ್ದವನು ಮೇಲಿನವರ ನೆರವಿಲ್ಲದೆ, ತಾನೇ ಕೈ ಚಾಚಿ ಇಳಿಸಿಕೊಳ್ಳಲಾಗದ ಏಣಿಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಕಡಲಿಲ್ಲದ ಸೀಮೆಯವರಿಗೆ ಹಾಯಿದೋಣಿಯ ಚಿಂತೆ ಏಕೆ ಎನ್ನಬಹುದು. ಆದರೆ ಖಾನಾಪುರ ತಾಲ್ಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟುವ ಮಹದಾಯಿ, ಘಟ್ಟ ಇಳಿದು ಗೋವೆಯಲ್ಲಿ ಮಾಂಡವಿ ಎನಿಸಿಕೊಂಡು ಕಡಲು ಸೇರುತ್ತದೆ. ಮಹದಾಯಿ ಎಂಬ ಹೆಸರು ಕೇಳಿದರೆ ನಮಗೆ ನೆನಪಾಗುವುದು ಕಳಸಾ-ಬಂಡೂರಿ ಯೋಜನೆ, ನೀರು ಹಂಚಿಕೆಯ ನ್ಯಾಯಮಂಡಳಿ, ಅದರ 2018ರ ತೀರ್ಪು ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿ. ಅದೇ ಹೊಳೆಯಲ್ಲಿರುವ ದಿವಾರ್ ದ್ವೀಪದಲ್ಲಿ ನೌಕಾಪಡೆಗಾಗಿ 56 ಅಡಿ ಉದ್ದದ ಹಾಯಿದೋಣಿಯೊಂದು ತಯಾರಾಗಿ 2009ರಲ್ಲಿ ಪಡೆಗೆ ಸೇರಿತು. ಅದಕ್ಕಿಟ್ಟ ಹೆಸರು ಹೊಳೆಯದೇ, ‘ಮ್ಹಾದೇಯಿ’. ಆ ದೋಣಿಯಲ್ಲಿ ದಿಲೀಪ್ ದೋಂದೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. ಹಾಗೆ ಸುತ್ತಿದ ಮೊದಲ ಭಾರತೀಯ ಅವರು. 2012-13ರಲ್ಲಿ ಅಭಿಲಾಷ್ ಟಾಮಿ ಎಲ್ಲಿಯೂ ತಂಗದೆ ಒಬ್ಬರೇ ಸುತ್ತಿದರು. ಅದೇ ದ್ವೀಪದಲ್ಲಿ ಕಟ್ಟಿದ ‘ತಾರಿಣಿ’ಯಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್‌ನಲ್ಲಿ ಹೊರಟು 2018ರ ಮೇ ತಿಂಗಳಲ್ಲಿ ಮರಳಿದರು.  ದೋಂದೆ, ಟಾಮಿ ಅವರ ಯಾನಗಳಲ್ಲಿ ಗಮನಿಸಬೇಕಾದದ್ದು ‘ಒಬ್ಬರೇ’ ಎಂಬ ಮಾತು. ಒಬ್ಬರೇ ಇರುವ ದೋಣಿಯಿಂದ ಆ ಒಬ್ಬರೇ ನೀರಿಗೆ ಬಿದ್ದರೆ, ಮೇಲಿನಿಂದ ಏಣಿ ಬಿಡಲು ಯಾರಿದ್ದಾರೆ?

ಈಸು ಬಲ್ಲವನಿಗೆ ಏಣಿ ಏಕೆ ಎಂಬ ಪ್ರಶ್ನೆ ಸಹಜ. ದೋಣಿಯ ಅಂಚು ನೀರಿನಿಂದ 3 ಅಡಿ ಎತ್ತರದಲ್ಲಿದೆ ಎಂದುಕೊಳ್ಳೋಣ. ನೀರಿನಲ್ಲಿರುವಷ್ಟು ಹೊತ್ತು ಮೈ ಹಗುರ, ಏಕೆಂದರೆ ನೀರೇ ಹೊತ್ತಿರುತ್ತದೆ. ಅಂಚು ಹಿಡಿದು ಮೇಲೇಳಲು ಹೊರಟ ಕೂಡಲೇ, ಎದೆ ಹೊಟ್ಟೆ ಹೊರಬಂದಷ್ಟೂ ತೂಕ ಮರಳುತ್ತದೆ. ತೊಯ್ದ ಬಟ್ಟೆಯ ಭಾರ ಅದರ ಮೇಲೆ. ಆ ಭಾರವನ್ನೆಲ್ಲ ತೋಳುಗಳೇ ಎತ್ತಬೇಕು. ಮನುಷ್ಯನ ಬಲವಿರುವುದು ತೊಡೆಯಲ್ಲಿ, ಕಾಲಿಗೆ ಮಾತ್ರ ಊರಲು ಏನೂ ಇಲ್ಲ. ಎರಡು ಮೂರು ಸಲ ಹೀಗೆ ಸೋತ ಮೇಲೆ ಒಳ್ಳೆಯ ಈಜುಗಾರನ ತೋಳೂ ನಡುಗುತ್ತದೆ. ಏಣಿಯ ಗುಟ್ಟು ಹಾಗಾಗಿ ಮೇಲಿನ ಮೆಟ್ಟಿಲಲ್ಲಿಲ್ಲ, ನೀರೊಳಗಿನ ಪಾವಟಿಗೆಯಲ್ಲಿದೆ. ಕೊನೆಯ ಮೆಟ್ಟಿಲು ನೀರಿನ ಮಟ್ಟಕ್ಕೇ ನಿಂತರೆ ಮೊಣಕಾಲು ಎದೆಗೆ ಬರುವಂತೆ ಮಡಚಬೇಕು, ದಣಿದವನಿಗೆ ಅದು ಆಗದು. ಎರಡು ಮೂರು ಮೆಟ್ಟಿಲಾದರೂ ನೀರಲ್ಲಿ ಮುಳುಗಿರಬೇಕು. ಹಗ್ಗದ ಏಣಿ ಅಗ್ಗ, ಸುತ್ತಿಡಲು ಸುಲಭ. ಆದರೆ ಕಾಲಿಟ್ಟೊಡನೆ ಅದು ದೋಣಿಯ ಅಡಿಗೆ ಜಾರುತ್ತದೆ, ಕಾಲು ಮುಂದೆ ಹೋಗಿ ಬೆನ್ನು ಹಿಂದಕ್ಕೆ ಬೀಳುತ್ತದೆ. ಗಟ್ಟಿ ಕಂಬಿಯ ಮಡಚುವ ಏಣಿಯೇ ಮೇಲು. ಮೆಟ್ಟಿಲು ದುಂಡು ಕೊಳವೆಯಾಗಿರದೆ ಅಗಲವಾಗಿದ್ದರೆ ಬರಿಗಾಲಿಗೆ ನೋವಾಗದು. ಯುರೋಪಿನ ಒಕ್ಕೂಟ 2013ರಲ್ಲಿ ವಿಹಾರದ ದೋಣಿಗಳಿಗೆ ತಂದ ನಿರ್ದೇಶನದಲ್ಲಿ, ಮರಳಿ ಹತ್ತುವ ಸಾಧನ ನೀರಿನಲ್ಲಿರುವವನಿಗೆ ಬೇರೆಯವರ ಸಹಾಯವಿಲ್ಲದೆ ಎಟುಕಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಮಡಚಿದ ಏಣಿಯನ್ನು ಮೇಲೆ ಗಂಟು ಹಾಕಿ ಕಟ್ಟಿದರೆ ಆ ಮಾತು ಸುಳ್ಳಾಗುತ್ತದೆ. ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ, ದಾರದ ತುದಿಯನ್ನು ನೀರಿನ ಸನಿಹಕ್ಕೆ ಇಳಿಬಿಟ್ಟಿರಬೇಕು.

ಏಣಿ ಕೂರಿಸಲು ಹಿಂಬದಿಗೆ ತೂತು ಕೊರೆಯುವುದೆಂದರೆ ದೋಣಿಯವರು ಹಿಂದೆಗೆಯುತ್ತಾರೆ. ಅವರ ಅಂಜಿಕೆ ಪೊಳ್ಳಲ್ಲ. ತಾರಿಣಿಯಂಥ ದೋಣಿಯ ಮೈ ಮರದ ತಿರುಳಿಗೆ ಎರಡೂ ಬದಿ ಫೈಬರ್‌ಗ್ಲಾಸ್ ಹೊದಿಸಿ ಮಾಡಿದ್ದು. ತೂತಿನ ಅಂಚಿನಿಂದ ನೀರು ತಿರುಳಿಗೆ ಹೊಕ್ಕರೆ ಹೊರಗೆ ಕಾಣದಂತೆ ಒಳಗೊಳಗೇ ಕೊಳೆಯುತ್ತಾ ಹೋಗುತ್ತದೆ. ಬಲ್ಲವರು ಬೇಕಾದದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಅದು ಕಲ್ಲಿನಂತಾದ ಮೇಲೆ ಅದರ ನಡುವೆ ಬೋಲ್ಟಿಗೆ ತಕ್ಕ ತೂತು ಕೊರೆಯುತ್ತಾರೆ. ಬೋಲ್ಟು ಆಗ ಮರವನ್ನು ಮುಟ್ಟುವುದೇ ಇಲ್ಲ. ಒಳಬದಿಯಲ್ಲಿ ಬರೀ ವಾಷರ್ ಸಾಲದು, ಅಗಲವಾದ ಲೋಹದ ಹಲಗೆ ಕೊಡಬೇಕು, ಏಕೆಂದರೆ ಹತ್ತುವವನ ತೂಕ ಕೆಳಗೆ ಜಗ್ಗುವುದಷ್ಟೇ ಅಲ್ಲ, ಹೊರಕ್ಕೂ ಕೀಳುತ್ತದೆ. ಉಪ್ಪುನೀರಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. ಸೀಲೆಂಟ್ ಬಳಿದ ಮೇಲೆ ಒಂದೇ ಸಲಕ್ಕೆ ಬಿಗಿದರೆ ಅದೆಲ್ಲ ಹಿಂಡಿ ಹೊರಬರುತ್ತದೆ. ಮೊದಲು ಹದವಾಗಿ ಬಿಗಿದು, ಗಟ್ಟಿಯಾದ ಮೇಲೆ ಪೂರ್ತಿ ಬಿಗಿಯಬೇಕು. ಇಷ್ಟು ತಾಳ್ಮೆಯಿದ್ದರೆ ಆ ತೂತು ಸೋರುವುದಿಲ್ಲ.

ಅನುಭವಿ ನಾವಿಕರ ಆಕ್ಷೇಪ ಇದಕ್ಕಿಂತ ತೂಕದ್ದು. ಅಲೆ ಎದ್ದಾಗ ದೋಣಿಯ ಹಿಂಬದಿ ಮೇಲೆದ್ದು ಒನಕೆಯಂತೆ ಬೀಳುತ್ತದೆ, ಏಣಿ ಹಿಡಿಯಲು ಹೋದವನ ತಲೆಯೇ ಒಡೆದೀತು, ಅಲ್ಲಿಗಿಂತ ನಡುಬದಿ ವಾಸಿ ಎನ್ನುತ್ತಾರೆ. ಒಪ್ಪುತ್ತೇನೆ. ಕೆರಳಿದ ಕಡಲಿನಲ್ಲಿ ಹಿಂಬದಿಯ ಏಣಿ ನಂಬತಕ್ಕದ್ದಲ್ಲ. ಆದರೆ ಲಂಗರು ಹಾಕಿದಾಗ, ಬಂದರಿನಲ್ಲಿ, ಪ್ರೊಪೆಲರಿಗೆ ಸುತ್ತಿಕೊಂಡ ಬಲೆ ಬಿಡಿಸಲು ಇಳಿದಾಗ ನೀರು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಎಂಜಿನ್ ಪೂರ್ತಿ ಬಂದ್ ಆಗಿರಬೇಕು, ಅಷ್ಟೇ. ಮೈಗೆ ಬಿಗಿದ ಪಟ್ಟಿ ದೋಣಿಗೆ ಕಟ್ಟಿರುತ್ತದಲ್ಲ, ಬೀಳುವ ಮಾತೇ ಇಲ್ಲವಲ್ಲ ಎನ್ನುವವರೂ ಇದ್ದಾರೆ. ಪಟ್ಟಿ ಮನುಷ್ಯನನ್ನು ದೋಣಿಯಿಂದ ದೂರವಾಗಲು ಬಿಡುವುದಿಲ್ಲ, ಮೇಲಕ್ಕೆ ಎತ್ತುವುದೂ ಇಲ್ಲ. ಇನ್ನು, ಕೆಳಗಿನಿಂದ ಇಳಿಸಬಹುದಾದ ಏಣಿ ಕಳ್ಳನಿಗೂ ಮೆಟ್ಟಿಲಾದೀತು ಎಂಬ ಮಾತು. ಆಗಬಹುದು. ಕಳ್ಳನಿಗೆ ಕೋಣೆಯ ಬಾಗಿಲಲ್ಲಿ ಬೀಗ ಹಾಕಬೇಕು, ಏಣಿಗಲ್ಲ.

ಈ ವಾದ ಕಡಲಿನಲ್ಲೇ ಮುಗಿಯುವುದಾದರೆ ಇಷ್ಟು ಬರೆಯಬೇಕಿರಲಿಲ್ಲ. ನಮ್ಮ ಹಳೆಯ ಬಾವಿಗಳ ಗೋಡೆಯಲ್ಲಿ ಒಂದರ ಕೆಳಗೊಂದು ಚಾಚಿದ ಕಲ್ಲುಗಳಿರುತ್ತವೆ. ಅವು ನೀರಿನೊಳಕ್ಕೂ ಇಳಿದಿರುತ್ತವೆ. ಬೇಸಿಗೆಗೆ ನೀರು ತಳಕ್ಕೆ ಹೋದರೂ ಕಾಲಿಗೊಂದು ಕಲ್ಲು ಸಿಗಬೇಕು ಎಂದು ಬಾವಿ ಕಟ್ಟಿದವರು ಯೋಚಿಸಿದ್ದರು. 2014-15ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ರಾಜ್ಯದ ಹೊಲಗಳಿಗೆ ಕೃಷಿ ಹೊಂಡ ಬಂತು. ಮಳೆಯನ್ನೇ ನಂಬಿದ ರೈತನಿಗೆ ಅದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಇಳಿಜಾರಿನ ಉದ್ದಕ್ಕೂ ನುಣುಪು. ಪಾಚಿ ಕಟ್ಟಿದರಂತೂ ಉಗುರಿಗೂ ಹಿಡಿತ ಸಿಗದು. ನೀರು ಕುಡಿಯಲು ಬಗ್ಗಿದ ಕರುವೂ, ಚೆಂಡು ತರಲು ಹೋದ ಮಗುವೂ, ಮಗುವನ್ನು ಎತ್ತಲು ಇಳಿದ ತಾಯಿಯೂ ಅಲ್ಲಿಂದ ಹತ್ತಲಾರರು. ಪತ್ರಿಕೆಗಳಲ್ಲಿ ಇಂಥ ಸುದ್ದಿ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಏಕೆಂದರೆ ಆ ಸಾವುಗಳಿಗೆ ಆಳವಲ್ಲ, ಹಿಡಿಯಲು ಏನೂ ಇಲ್ಲದಿರುವುದೇ ಕಾರಣ.

ಸುತ್ತ ತಂತಿಬೇಲಿ ಹಾಕಿದರೆ ಸಾಲದೇ ಎಂದು ಕೇಳುತ್ತಾರೆ. ಬೇಲಿ ಬೇಕೇ ಬೇಕು, ಆದರೆ ಅದು ಹೊರಗಿರುವವರಿಗೆ. ಒಳಗೆ ಜಾರಿದವರ ಪಾಲಿಗೆ ಅದು ಇದ್ದೂ ಇಲ್ಲ. ಏಣಿ ಇಟ್ಟರೆ ಹಾಳೆ ಹರಿದೀತು ಎಂಬ ಭಯವೂ ಇದೆ. ದೋಣಿಗೆ ತೂತು ಕೊರೆಯಲು ಅಂಜುವವರ ಭಯವೇ ಇದು. ಹಾಳೆಯನ್ನು ಮುಟ್ಟಬೇಕಾಗಿಯೇ ಇಲ್ಲ. ದಂಡೆಯ ಮೇಲೆ, ಹಾಳೆಯ ಅಂಚಿನಿಂದ ಆಚೆ, ಗಟ್ಟಿ ಗೂಟ ಹುಗಿದು, ಹಳೆಯ ಟೈರುಗಳನ್ನು ದಪ್ಪ ನೈಲಾನ್ ಹಗ್ಗಕ್ಕೆ ಸಾಲಾಗಿ ಪೋಣಿಸಿ ಇಳಿಬಿಡಬಹುದು. ಕಡಲಿನಲ್ಲಿ ಕೆಲಸಕ್ಕೆ ಬಾರದ ಹಗ್ಗದ ಏಣಿ ಇಲ್ಲಿ ನಡೆಯುತ್ತದೆ, ಇಳಿಜಾರಿನ ಮೇಲೆ ಒರಗಿಕೊಂಡು ಅದು ಅಲುಗಾಡದೆ ನಿಲ್ಲುತ್ತದೆ. ಟೈರಿನ ರಬ್ಬರು ಹಾಳೆಯನ್ನು ಕೊಯ್ಯುವುದಿಲ್ಲ, ಆದರೆ ಸವೆದು ತಂತಿ ಹೊರಬಿದ್ದ ಟೈರು ಬೇಡ. ಎದುರು ಬದುರು ಎರಡು ಕಡೆ ಇಂಥ ಸಾಲಿರಲಿ. ಕೊನೆಯ ಟೈರು ಹೊಂಡದ ತಳ ಮುಟ್ಟಬೇಕು, ಏಕೆಂದರೆ ಬೇಸಿಗೆಯಲ್ಲಿ ನೀರು ಇರುವುದು ಅಲ್ಲಿಯೇ.