ಮಾದರಿಯಲ್ಲಿ ಉಳಿದಿದ್ದ ಒಂದು ತಪ್ಪು

ಕರಿಹಲಗೆಯ ಮೇಲೆ ಉಪಾಧ್ಯಾಯರು ಬರೆದ ಲೆಕ್ಕದಲ್ಲಿ ಒಂದು ಅಂಕೆ ತಪ್ಪಿದ್ದರೆ, ತರಗತಿಯ ಎಲ್ಲ ನೋಟುಪುಸ್ತಕಗಳಲ್ಲಿಯೂ ಅದೇ ತಪ್ಪು ಅಂದವಾಗಿ ಇಳಿದುಬಿಡುತ್ತದೆ. ಚೆನ್ನಾಗಿ ಬರೆಯುವ ಹುಡುಗನ ಪುಸ್ತಕದಲ್ಲಂತೂ ಇನ್ನೂ ದುಂಡಗೆ ಇಳಿಯುತ್ತದೆ. ಅಧ್ಯಾಪಕ ವೃತ್ತಿಯಲ್ಲಿರುವವರಿಗೆ ಇದು ಹೊಸ ಅನುಭವವೇನಲ್ಲ. ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೊಂದು ಪ್ರಸಂಗ ನಡೆಯಿತು. ತಪ್ಪು ಬರೆದವರೇ ಅದನ್ನು ಬಹಿರಂಗವಾಗಿ ಒಪ್ಪಿಕೊಂಡು, ನಕಲು ಮಾಡಿಕೊಂಡವರೆಲ್ಲರ ಪುಸ್ತಕಗಳನ್ನೂ ತಾವೇ ಕುಳಿತು ತಿದ್ದಿದರೆಂಬುದು ಅದರ ವಿಶೇಷ.

ಕಾರ್ಖಾನೆಯ ನಿಯಂತ್ರಕ, ಮನೆಯ ಇಂಟರ್‌ನೆಟ್ ಪೆಟ್ಟಿಗೆ ಮುಂತಾದವುಗಳ ಒಳಗೆ ಕುಳಿತಿರುವ ಪುಟ್ಟ ಗಣಕಗಳನ್ನು ಅನೇಕ ಕಡೆ ನಡೆಸುವುದು ಲಿನಕ್ಸ್ ಕರ್ನಲ್. ಮೇಜಿನ ಮೇಲಿನ ಗಣಕದಲ್ಲಾದರೆ ಬಹುಪಾಲು ಅಂಗಗಳು ಕೇಳಿದೊಡನೆ ತಮ್ಮ ಇರವನ್ನು ತಾವೇ ತಿಳಿಸುತ್ತವೆ. ಈ ಪುಟ್ಟ ಗಣಕಗಳ ಅಂಗಗಳಿಗೆ ಆ ಶಕ್ತಿಯಿಲ್ಲ. ಯಾವುದು ಎಲ್ಲಿದೆ ಎಂಬುದನ್ನು ಕರ್ನಲಿಗೆ ಬರಹದಲ್ಲಿ ಕೊಡಬೇಕಾಗುತ್ತದೆ. ಆ ಬರಹಕ್ಕೆ ಡಿವೈಸ್ ಟ್ರೀ ಎಂದು ಹೆಸರು. 1994ರ ಓಪನ್ ಫರ್ಮ್‌ವೇರ್ ಪ್ರಮಾಣಪತ್ರದಲ್ಲಿ ಅದರ ಬೇರುಗಳಿವೆ. ಆರ್ಮ್ ಜಾತಿಯ ಗಣಕಗಳಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು 2011ರ ನಂತರ. ಪಹಣಿಯಲ್ಲಿ ಸರ್ವೆ ನಂಬರೂ ವಿಸ್ತೀರ್ಣವೂ ಇರುವಂತೆ ಇಲ್ಲಿ ಪ್ರತಿಯೊಂದು ಅಂಗಕ್ಕೂ ಸ್ಮೃತಿಯಲ್ಲಿನ ಆರಂಭದ ವಿಳಾಸ ಮತ್ತು ಅದರ ಅಳತೆ ನಮೂದಾಗಿರುತ್ತವೆ. ಬರೆದಷ್ಟೇ ಜಮೀನನ್ನು ಕರ್ನಲ್ ತನ್ನದೆಂದು ನಂಬುತ್ತದೆ.

ಈ ಪ್ರಸಂಗಕ್ಕೆ ಸಂಬಂಧಿಸಿದ ಅಂಗವೆಂದರೆ ಆರ್ಮ್‌ನ ಇಂಟರಪ್ಟ್ ಕಂಟ್ರೋಲರ್, ಅಂದರೆ ಜಿಐಸಿಯ ಎರಡನೆಯ ಆವೃತ್ತಿ. ಗಡಿಯಾರ, ಜಾಲ, ಕೀಲಿಮಣೆಗಳಿಂದ ಬರುವ ಕರೆಗಳನ್ನು ಸಂಸ್ಕಾರಕಕ್ಕೆ ಮುಟ್ಟಿಸುವ ದ್ವಾರಪಾಲಕ ಅದು. ಅದರ ಒಂದು ಭಾಗವಾದ ಸಿಪಿಯು ಇಂಟರ್‌ಫೇಸಿನ ವಿಸ್ತಾರ 8192 ಬೈಟುಗಳು. ಹತ್ತಾರು ಫಲಕಗಳ ಡಿವೈಸ್ ಟ್ರೀಗಳಲ್ಲಿ ಬರೆದದ್ದಾದರೋ 4096. ಹದಿನಾರರ ಎಣಿಕೆಯಲ್ಲಿ 2000 ಎಂದಿರಬೇಕಾದಲ್ಲಿ 1000 ಎಂದಿತ್ತು, ಅಷ್ಟೇ.

ಅರ್ಧ ಜಮೀನು ಕಾಗದದಲ್ಲಿ ಕಾಣೆಯಾಗಿದ್ದರೂ ಯಂತ್ರಗಳೇಕೆ ನಿಲ್ಲಲಿಲ್ಲ? ಕರೆಯನ್ನು ಸ್ವೀಕರಿಸುವ, ಮುಗಿಯಿತೆಂದು ತಿಳಿಸುವ ರಿಜಿಸ್ಟರುಗಳೆಲ್ಲ ಮೊದಲ 4096 ಬೈಟುಗಳ ಒಳಗೇ ಇದ್ದವು. ಕರೆಯನ್ನು ನಿಷ್ಕ್ರಿಯಗೊಳಿಸುವ ರಿಜಿಸ್ಟರು ಮಾತ್ರ ಸರಿಯಾಗಿ 4096ನೆಯ ಸ್ಥಾನದಲ್ಲಿ, ಬೇಲಿಯನ್ನು ದಾಟಿದೊಡನೆ ಸಿಗುವ ಮೊದಲ ಹೆಜ್ಜೆಯಲ್ಲಿತ್ತು. ಅದನ್ನು ಮುಟ್ಟುವ ಅಗತ್ಯ ಕರ್ನಲಿಗೆ ಬಹುಕಾಲ ಬೀಳಲಿಲ್ಲ. ತಪ್ಪು ಯಾರನ್ನೂ ನೋಯಿಸದೆ ಮಲಗಿತ್ತು.

2015ರ ಸುಮಾರಿಗೆ ಪರಿಸ್ಥಿತಿ ಬದಲಾಯಿತು. ಒಂದೇ ಯಂತ್ರದೊಳಗೆ ಮತ್ತೊಂದು ಅತಿಥಿ ವ್ಯವಸ್ಥೆಯನ್ನು ನಡೆಸುವ ಏರ್ಪಾಡಿಗಾಗಿ, ಕರೆಯನ್ನು ಮುಗಿಸುವ ಒಂದೇ ಕ್ರಿಯೆಯನ್ನು ಎರಡಾಗಿ ಒಡೆಯಲಾಯಿತು. ಆತಿಥೇಯ ವ್ಯವಸ್ಥೆ ತನ್ನ ಪಾಲಿನ ಕೆಲಸವನ್ನು ಮುಗಿಸಿ ಮುಂದಿನ ಕರೆಗೆ ಸಿದ್ಧವಾಗಬೇಕು; ಆದರೆ ಅತಿಥಿಗೆ ಸೇರಿದ ಕರೆ, ಅತಿಥಿ ಅದನ್ನು ವಿಚಾರಿಸಿಕೊಳ್ಳುವವರೆಗೆ, ಜೀವಂತವಾಗಿ ಉಳಿಯಬೇಕು. ಈ ಎರಡನೆಯ ಹಂತಕ್ಕೆ ಬೇಲಿಯಾಚೆಯ ಆ ರಿಜಿಸ್ಟರೇ ಬೇಕು. ವಿಸ್ತಾರ ಸಾಲದೆಂದು ಕಂಡಲ್ಲಿ ಕರ್ನಲ್ ಹಳೆಯ ಪದ್ಧತಿಗೇ ಹಿಂದಿರುಗುತ್ತಿತ್ತು. ಅತಿಥಿಗೆ ಯಂತ್ರಾಂಶದ ನೆರವು ತಪ್ಪುತ್ತಿತ್ತು. ಸಾಮರ್ಥ್ಯವಿದ್ದ ಯಂತ್ರ ಒಂದು ಅಂಕೆಯ ದೆಸೆಯಿಂದ ಅಸಮರ್ಥವೆನಿಸಿಕೊಂಡಿತು.

ಹುಡುಕುತ್ತ ಹೋದಾಗ ತಪ್ಪಿನ ಮೂಲ ದೊರೆತದ್ದು ಬೇರೆಲ್ಲಿಯೂ ಅಲ್ಲ, ಡಿವೈಸ್ ಟ್ರೀ ಬರೆಯುವುದು ಹೇಗೆಂದು ತಿಳಿಸುವ ಅಧಿಕೃತ ದಾಖಲೆಯ ಮಾದರಿಯಲ್ಲಿಯೇ. ತಯಾರಕರು ತಂತಮ್ಮ ಚಿಪ್ಪಿನ ಕೈಪಿಡಿಯನ್ನು ತೆರೆದು ನೋಡುವ ಬದಲು ಮಾದರಿಯನ್ನು ನಂಬಿದ್ದರು. ಅವರನ್ನು ದೂರುವುದೂ ಕಷ್ಟ. ಮಾದರಿ ಇರುವುದು ನಂಬುವುದಕ್ಕೇ ಅಲ್ಲವೆ? 2017ರ ಜನವರಿಯಲ್ಲಿ ಆ ಮಾದರಿಯನ್ನು ಬರೆದ ಇಂಜಿನಿಯರರು ಅದನ್ನು ತಿದ್ದಿದರು. ಎಲ್ಲರೂ ನಕಲು ಮಾಡಿದ್ದು ತಮ್ಮದೇ ತಪ್ಪನ್ನು ಎಂದು ತಿದ್ದುಪಡಿಯ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದು, ಆರ್ಮ್ ಫಲಕಗಳ ಕಡತಗಳನ್ನು ಒಂದೇ ಸಲಕ್ಕೆ ಸರಿಪಡಿಸಿದರು. ಒಂದು ಕುಟುಂಬದ ಫಲಕಗಳಲ್ಲಿ ಸಿಪಿಯು ಇಂಟರ್‌ಫೇಸಿನ ಅಳತೆಯ ಬದಲು ನಿಯಂತ್ರಣ ಭಾಗದ ಅಳತೆ ತಪ್ಪಿತ್ತು. ಅದನ್ನೂ ಬೇರ್ಪಡಿಸಿ ನೋಡಿ ತಿದ್ದಿದರು. ಒಳಗಿರುವುದು ಜಿಐಸಿ-400 ಎಂದು ಖಚಿತವಾಗಿ ಬಲ್ಲ ಕೆಲವೆಡೆ ಮಾತ್ರ ಆ ಹೆಸರನ್ನು ಸೇರಿಸಿದರು. ಖಚಿತವಿಲ್ಲದ ಕಡೆ ಕೈಹಚ್ಚಲಿಲ್ಲ. ಓಲೆಗರಿಯ ಪಾಠವನ್ನು ಪರಿಷ್ಕರಿಸಿದ ವಿದ್ವಾಂಸರಿಗೆ ಈ ಸಂಯಮದ ಬೆಲೆ ತಿಳಿದೀತು.

ಕಾಗದ ತಿದ್ದಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮಾರಾಟವಾಗಿ ಹೋದ ಫಲಕಗಳ ಒಡಲಲ್ಲಿ ಹಳೆಯ ವಿವರಣೆಯೇ ಅಚ್ಚಾಗಿತ್ತು. ಬರೆದ ಮೇರೆಯನ್ನು ಮೀರಿ ಕರ್ನಲ್ ತಾನಾಗಿ ಕೈಚಾಚಿದರೆ ಅಲ್ಲಿ ಬೇರೊಂದು ಅಂಗವಿದ್ದು ಯಂತ್ರವೇ ಕುಸಿಯಬಹುದು. ಆದಕಾರಣ ಮುಂದೆ ಕರ್ನಲಿಗೆ ಒಂದು ಆಯ್ಕೆಯನ್ನು ಸೇರಿಸಲಾಯಿತು. ಆರಂಭದ ವೇಳೆಯಲ್ಲಿ ಯಂತ್ರದ ಒಡೆಯ ತಾನೇ ಅಪ್ಪಣೆ ಕೊಟ್ಟರೆ ಮಾತ್ರ ಅದು ಬೇಲಿಯಾಚೆ ಹೋಗಿ ನೋಡುತ್ತದೆ. ಇಲ್ಲದಿದ್ದರೆ ವಿಸ್ತಾರ ಚಿಕ್ಕದಾಯಿತೆಂದು ಒಂದು ಸಾಲಿನ ಎಚ್ಚರಿಕೆ ಬರೆದು ಸುಮ್ಮನಾಗುತ್ತದೆ. ದಾಖಲೆಯ ಮಾದರಿಯಲ್ಲಿ ಈಗ 2000 ಎಂದೇ ಇದೆ.