ಸಿಯಾಟಲ್ ಚಳಿಗೆ ವಿದ್ಯುತ್ ಅಂಗಿ

ಡಿಸೆಂಬರ್ ತಿಂಗಳ ಮುಂಜಾನೆ ಆರೂವರೆ ಗಂಟೆ. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದಲ್ಲಿ ಇನ್ನೂ ಕತ್ತಲೆ. ಸೂರ್ಯ ಮೂಡಲು ಒಂದು ಗಂಟೆಗೂ ಹೆಚ್ಚು ಸಮಯವಿದೆ. ಬೇನ್‌ಬ್ರಿಜ್ ದ್ವೀಪದ ಹಡಗುಕಟ್ಟೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಿವೆ. ಮಳೆ ಜಿನುಗುತ್ತಿದೆ. ಆ ಸಾಲಿನ ಪಕ್ಕದಿಂದ ಮೋಟಾರ್ ಬೈಕ್‌ಗಳು ಮುಂದೆ ಬಂದು ನಿಲ್ಲುತ್ತವೆ. ಇಲ್ಲಿನ ಸರ್ಕಾರಿ ಹಡಗುಗಳಲ್ಲಿ ಬೈಕ್‌ಗಳಿಗೆ ಕಾರುಗಳಿಗಿಂತ ಮೊದಲು ಪ್ರವೇಶ. ಹಡಗಿನೊಳಗೆ ಬೈಕ್ ನಿಲ್ಲಿಸಿದ ಸವಾರರಲ್ಲಿ ಕೆಲವರು ಕೆಳಗಿಳಿಯುವ ಮುನ್ನ ಸೊಂಟದ ಬಳಿ ಕೈಯಾಡಿಸಿ ಒಂದು ಸಣ್ಣ ಪ್ಲಗ್ಗನ್ನು ಕಿತ್ತುಕೊಳ್ಳುತ್ತಾರೆ. ಹೊಸಬರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಆ ಪ್ಲಗ್‌ನ ಒಂದು ತುದಿ ಬೈಕಿನ ಬ್ಯಾಟರಿಯಲ್ಲಿ, ಇನ್ನೊಂದು ತುದಿ ಸವಾರನ ಅಂಗಿಯಲ್ಲಿ!

ಹೌದು, ಅವರು ತೊಟ್ಟಿರುವುದು ವಿದ್ಯುತ್ತಿನಿಂದ ಬಿಸಿಯಾಗುವ ಅಂಗಿ ಮತ್ತು ಕೈಗವಸು. ಮೂವತ್ತೈದು ನಿಮಿಷಗಳಲ್ಲಿ ಹಡಗು ಸಿಯಾಟಲ್ ತಲುಪುತ್ತದೆ. ಮತ್ತೆ ಪ್ಲಗ್ ಸಿಕ್ಕಿಸಿಕೊಂಡು ಅವರು ಕಚೇರಿಯ ದಾರಿ ಹಿಡಿಯುತ್ತಾರೆ.

ಹಿಮಕ್ಕಿಂತ ಜಿನುಗು ಮಳೆಯೇ ಹೆಚ್ಚು

ಚಳಿಗಾಲದಲ್ಲಿ ಬೈಕ್ ಓಡಿಸುವ ಈ ಅಭ್ಯಾಸ ಇಲ್ಲಿ ಬೆಳೆದದ್ದಕ್ಕೆ ಊರಿನ ಭೂಗೋಳವೇ ಕಾರಣ. ಸಿಯಾಟಲ್ ಸುಮಾರು 47.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸರಿಸುಮಾರು ಇದೇ ಅಕ್ಷಾಂಶದ ಉತ್ತರ ಮಿನೆಸೋಟದಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. ಅಲ್ಲಿ ಹೆಚ್ಚಿನ ಸವಾರರು ಬೈಕ್‌ಗಳನ್ನು ಮುಸುಕು ಹಾಕಿ ಗ್ಯಾರೇಜಿನಲ್ಲಿ ಇಟ್ಟುಬಿಡುತ್ತಾರೆ. ಸಿಯಾಟಲ್‌ಗಾದರೋ ಪೆಸಿಫಿಕ್ ಸಾಗರದ ಗಾಳಿಯ ರಕ್ಷಣೆಯಿದೆ. ಡಿಸೆಂಬರ್, ಜನವರಿಯಲ್ಲಿ ಹಗಲಿನ ಉಷ್ಣತೆ ಸುಮಾರು 8 ಡಿಗ್ರಿ ಸೆಲ್ಸಿಯಸ್, ರಾತ್ರಿಯದು ಸುಮಾರು 3 ಡಿಗ್ರಿ. ಹಿಮ ಬೀಳುವುದು ಕೆಲವೇ ದಿನ.

ಒಂದು ಸ್ವಾರಸ್ಯದ ಸಂಗತಿ: ಸಿಯಾಟಲ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಸೆಂಟಿಮೀಟರ್. ನಮ್ಮ ಬೆಂಗಳೂರಿನದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಬೆಂಗಳೂರಿನ ಮಳೆ ಸಂಜೆ ಬಂದು ಧೋ ಎಂದು ಸುರಿದು ಹೋಗುತ್ತದೆ. ಸಿಯಾಟಲ್‌ನ ಮಳೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಜರಡಿ ಹಿಡಿದಂತೆ ಉದುರುತ್ತಲೇ ಇರುತ್ತದೆ. ರಸ್ತೆಯಲ್ಲಿ ಹಿಮವಿಲ್ಲ, ಬೈಕ್ ಓಡಿಸಬಹುದು. ಆದರೆ ಒದ್ದೆ, ಕತ್ತಲೆ, 5 ಡಿಗ್ರಿ ಚಳಿ.

ಊರಿನ ಪಶ್ಚಿಮಕ್ಕೆ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಚಾಚು, ಪೂರ್ವಕ್ಕೆ ವಾಷಿಂಗ್ಟನ್ ಸರೋವರ. ಎರಡರ ನಡುವೆ ಇರುಕಿಕೊಂಡ ನಗರದಲ್ಲಿ ವಾಹನಗಳಿಗೆ ದಾರಿಗಳು ಕೆಲವೇ. ಸಹಪ್ರಯಾಣಿಕರಿರುವ ಕಾರುಗಳಿಗೆಂದು ಮೀಸಲಾದ ಪಥದಲ್ಲಿ ಒಂಟಿ ಬೈಕ್ ಸವಾರನೂ ಹೋಗಬಹುದು. ಹಡಗಿನಲ್ಲಿ ಆದ್ಯತೆ, ಟಿಕೆಟ್ ದರ ಕಾರಿಗಿಂತ ಕಡಿಮೆ. ಹೀಗಾಗಿ ಚಳಿಯನ್ನು ತಡೆದುಕೊಳ್ಳಬಲ್ಲವನಿಗೆ ದಿನವೂ ಸಮಯ ಉಳಿತಾಯ.

ಸರೋವರದ ಆಚೆಗಿನ ರೆಡ್‌ಮಂಡ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಕೇಂದ್ರ ಕಚೇರಿಯಿದೆ. ಈ ಭಾಗದ ಸಾಫ್ಟ್‌ವೇರ್ ಉದ್ಯೋಗಿಗಳಲ್ಲಿ ಕನ್ನಡಿಗರೂ ಇದ್ದಾರೆ. ಬೆಂಗಳೂರಿನಲ್ಲಿ ಬೈಕ್ ಓಡಿಸಿ ಪಳಗಿದವರೂ ಇಲ್ಲಿ ಬೈಕಿಗೆಂದೇ ಪ್ರತ್ಯೇಕ ಪರವಾನಗಿ ಪಡೆಯಬೇಕು. ಹೆಲ್ಮೆಟ್ ಎಲ್ಲರಿಗೂ ಕಡ್ಡಾಯ. ಮೂರನೆಯ ಪಾಠವನ್ನು ಮಾತ್ರ ಯಾವ ಕಾನೂನೂ ಹೇಳಿಕೊಡುವುದಿಲ್ಲ. ಅದನ್ನು ಮೊದಲ ನವೆಂಬರ್ ತಿಂಗಳೇ ಕಲಿಸುತ್ತದೆ.

ಗಾಳಿ ಕದಿಯುವ ಶಾಖ

ನಮ್ಮ ದೇಹ ಚರ್ಮದ ಸುತ್ತ ಬೆಚ್ಚಗಿನ ಗಾಳಿಯ ತೆಳು ಪದರವೊಂದನ್ನು ಕಟ್ಟಿಕೊಂಡಿರುತ್ತದೆ. ಬೀಸುವ ಗಾಳಿ ಆ ಪದರವನ್ನು ಹೊತ್ತೊಯ್ಯುತ್ತದೆ, ದೇಹ ಮತ್ತೆ ಹೊಸ ಪದರವನ್ನು ಬಿಸಿ ಮಾಡಬೇಕಾಗುತ್ತದೆ. ಇದೇ ಗಾಳಿಚಳಿ. ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ, 5 ಡಿಗ್ರಿ ಉಷ್ಣತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಗೆ ಒಡ್ಡಿದ ಚರ್ಮಕ್ಕೆ ಮೈನಸ್ 2 ಡಿಗ್ರಿಯಷ್ಟು ಚಳಿಯ ಅನುಭವವಾಗುತ್ತದೆ. ಶೂನ್ಯ ಡಿಗ್ರಿಯಲ್ಲಿ 100 ಕಿಲೋಮೀಟರ್ ವೇಗಕ್ಕೆ ಮೈನಸ್ 10ರ ಆಸುಪಾಸು. ಬಟ್ಟೆ ಒದ್ದೆಯಾಗಿದ್ದರೆ ನೀರು ಆವಿಯಾಗುವಾಗಲೂ ಶಾಖ ಹೋಗುತ್ತದೆ.

ಚಳಿ ಹೆಚ್ಚಾದಾಗ ದೇಹ ಒಂದು ಕಠಿಣ ತೀರ್ಮಾನ ಕೈಗೊಳ್ಳುತ್ತದೆ. ಹೃದಯ, ಶ್ವಾಸಕೋಶ, ಮಿದುಳುಗಳನ್ನು ಕಾಪಾಡಲು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿಸುತ್ತದೆ. ಬೆರಳುಗಳಿಗೆ ರಕ್ತ ಕಡಿಮೆಯಾಗುತ್ತದೆ. ಬೆರಳಿನ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಚುರುಕುತನ ಕುಂದುತ್ತದೆ. ಸುಮಾರು 8 ಡಿಗ್ರಿಗೆ ಬಂದರೆ ಸ್ಪರ್ಶಜ್ಞಾನವೇ ಮಂಕಾಗುತ್ತದೆ.

ಬೈಕಿನಲ್ಲಿ ಮುಂದಿನ ಬ್ರೇಕ್ ಇರುವುದು ಬಲಗೈ ಬೆರಳುಗಳಲ್ಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 16.7 ಮೀಟರ್ ಓಡುತ್ತದೆ. ಮರಗಟ್ಟಿದ ಬೆರಳು ಅರ್ಧ ಸೆಕೆಂಡ್ ತಡಮಾಡಿದರೆ ಸಾಕು, ಬ್ರೇಕ್ ಹಿಡಿಯುವ ಮೊದಲೇ ಬೈಕ್ 8 ಮೀಟರ್ ಹೆಚ್ಚು ಮುಂದೆ ಹೋಗಿರುತ್ತದೆ. ಅಂದರೆ ಎರಡು ಕಾರುಗಳ ಉದ್ದ. ಬೆಚ್ಚಗಿರುವುದು ಇಲ್ಲಿ ಷೋಕಿಯಲ್ಲ, ಜೀವದ ಪ್ರಶ್ನೆ.

ಯುದ್ಧವಿಮಾನದಿಂದ ಬೈಕಿಗೆ

ಬಿಸಿಯಾಗುವ ಉಡುಪಿನ ಕಲ್ಪನೆ ಬೈಕ್ ಸವಾರರಿಗಿಂತ ಮೊದಲು ವಿಮಾನ ಸಿಬ್ಬಂದಿಗೆ ನೆರವಾಯಿತು. ಅದಕ್ಕೂ ಸಿಯಾಟಲ್‌ಗೂ ನಂಟಿದೆ. ಎರಡನೆಯ ಮಹಾಯುದ್ಧದ ಹೆಸರಾಂತ ಬಿ-17 ಬಾಂಬರ್ ವಿಮಾನವನ್ನು ರೂಪಿಸಿದ್ದು ಇಲ್ಲಿನ ಬೋಯಿಂಗ್ ಕಂಪನಿ. ಅದರ ಮೊದಲ ಮಾದರಿ 1935ರ ಜುಲೈ 28ರಂದು ಸಿಯಾಟಲ್‌ನಲ್ಲೇ ಹಾರಿತು. ಸುಮಾರು 7,500 ಮೀಟರ್ ಎತ್ತರದಲ್ಲಿ ಹೊರಗಿನ ಉಷ್ಣತೆ ಮೈನಸ್ 40 ಡಿಗ್ರಿಗೂ ಇಳಿಯುತ್ತಿತ್ತು. ವಿಮಾನದ ಪಕ್ಕದ ಕಿಟಕಿಗಳಲ್ಲಿ ನಿಂತ ಬಂದೂಕುಧಾರಿಗಳ ಬೆರಳುಗಳು ಹೆಪ್ಪುಗಟ್ಟುತ್ತಿದ್ದವು. ಅವರಿಗಾಗಿ ತಂತಿ ಹೆಣೆದ ಉಡುಪುಗಳು ಬಂದವು.

ಮೊದಮೊದಲ ಉಡುಪುಗಳಲ್ಲಿ ಅಂಗಿ, ಕೈಗವಸು, ಪಾದರಕ್ಷೆಗಳೆಲ್ಲ ಒಂದೇ ಸರಣಿಯಲ್ಲಿದ್ದವು. ಒಂದೆಡೆ ತಂತಿ ಕಡಿದರೆ ಇಡೀ ಉಡುಪೇ ತಣ್ಣಗಾಗುತ್ತಿತ್ತು. ದೀಪಾವಳಿಯ ಸರ ದೀಪಗಳಲ್ಲಿ ಒಂದು ಬಲ್ಬ್ ಹೋದರೆ ಇಡೀ ಸರ ಆರುವುದಿಲ್ಲವೇ, ಹಾಗೆ. ಮುಂದೆ ಬಂದ ಉಡುಪುಗಳಲ್ಲಿ ಈ ದೋಷವನ್ನು ಸರಿಪಡಿಸಲಾಯಿತು. ಸರಣಿ ಜೋಡಣೆ, ಸಮಾಂತರ ಜೋಡಣೆ ಎಂದು ಹೈಸ್ಕೂಲಿನಲ್ಲಿ ಓದುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

1970ರ ದಶಕದಲ್ಲಿ ಇದೇ ವಾಷಿಂಗ್ಟನ್ ರಾಜ್ಯದಲ್ಲಿ ಯಂತ್ರದ ಕಾರ್ಖಾನೆಯೊಂದನ್ನು ನಡೆಸುತ್ತಿದ್ದ ಗಾರ್ಡನ್ ಗರ್ಬಿಂಗ್, ಬೈಕಿನಲ್ಲಿ ನಡುಗುತ್ತ ಕೆಲಸಕ್ಕೆ ಬರುತ್ತಿದ್ದ ನೌಕರರಿಗಾಗಿ ಬಿಸಿ ಉಡುಪು ಮಾಡತೊಡಗಿದರು. ಅದೇ ಮುಂದೆ ಉದ್ಯಮವಾಗಿ, ಅವರ ಹೆಸರು ಬೈಕ್ ಸವಾರರ ನಡುವೆ ಮನೆಮಾತಾಯಿತು. ಕಂಪನಿ ಬಳಿಕ ಬೇರೆ ರಾಜ್ಯಕ್ಕೆ ಹೋದರೂ ಮೂಲ ಮಾತ್ರ ಈ ಮಳೆನಾಡೇ.

12 ವೋಲ್ಟಿನ ಲೆಕ್ಕಾಚಾರ

ಈ ಉಡುಪಿನ ವಿಜ್ಞಾನ ಸರಳ. ಬಟ್ಟೆಯ ಪದರಗಳ ನಡುವೆ ಕೂದಲೆಳೆಯಂಥ ಲೋಹದ ತಂತಿ ಅಥವಾ ಇಂಗಾಲದ ನೂಲನ್ನು ಎದೆ, ಬೆನ್ನು, ತೋಳು, ಕೊರಳಪಟ್ಟಿಗಳಲ್ಲಿ ಹರಡಿರುತ್ತಾರೆ. ವಿದ್ಯುತ್ ಹರಿದಾಗ ರೋಧದಿಂದಾಗಿ ಅದು ಬಿಸಿಯಾಗುತ್ತದೆ. ಇಸ್ತ್ರಿ ಪೆಟ್ಟಿಗೆಯ ತತ್ವವೇ. ಬೈಕಿನ 12 ವೋಲ್ಟಿಗೆ ಜೋಡಿಸುವ ಅಂಗಿಯೊಂದು ಸುಮಾರು 75 ವಾಟ್, ಜೊತೆ ಕೈಗವಸು ಸುಮಾರು 25 ವಾಟ್ ಬಳಸುತ್ತವೆ. ಒಟ್ಟು 100 ವಾಟ್. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ ದೊಡ್ಡ ಬಲ್ಬಿನಷ್ಟು ಮಾತ್ರ. ಸುಮ್ಮನೆ ಕುಳಿತ ಮನುಷ್ಯನ ದೇಹವೂ ಸರಿಸುಮಾರು 100 ವಾಟ್ ಶಾಖವನ್ನೇ ಹೊರಸೂಸುತ್ತದೆ ಎಂಬುದು ಗಮನಾರ್ಹ. ಕೋಣೆಯನ್ನು ಬಿಸಿ ಮಾಡುವ ಹೀಟರಿಗೆ 1500 ವಾಟ್ ಬೇಕು. ಕೋಣೆಯ ಬದಲು ಮನುಷ್ಯನನ್ನೇ ಬಿಸಿ ಮಾಡಿದರೆ ಎಷ್ಟು ಉಳಿತಾಯ, ನೋಡಿ.

ವಿದ್ಯಾರ್ಥಿಗಳು ಓಮ್‌ನ ನಿಯಮ ಬಳಸಿ ಲೆಕ್ಕ ಹಾಕಬಹುದು. 100 ವಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.3 ಆಂಪಿಯರ್. 75 ವಾಟಿನ ಅಂಗಿಯ ರೋಧ ಸುಮಾರು 1.9 ಓಮ್. ಇಷ್ಟು ಪ್ರವಾಹ ಹರಿಯುವ ತಂತಿಗೆ ಫ್ಯೂಸ್ ಅತ್ಯಗತ್ಯ.

ಅನುಭವಿ ಸವಾರರು ಮೊದಲು ಕೊಳ್ಳುವುದು ಅಂಗಿಯನ್ನು, ನಂತರ ಕೈಗವಸನ್ನು. ಎದೆ ಬೆಚ್ಚಗಿದ್ದರೆ ದೇಹ ಬೆರಳುಗಳಿಗೆ ರಕ್ತ ಕಳಿಸಲು ಜಿಪುಣತನ ಮಾಡುವುದಿಲ್ಲ. ಹ್ಯಾಂಡಲ್ ಹಿಡಿಯನ್ನು ಬಿಸಿ ಮಾಡುವ ವ್ಯವಸ್ಥೆ ಅಂಗೈಗೆ ಹಿತ. ಆದರೆ ಗಾಳಿ ಬಡಿಯುವುದು ಬೆರಳ ಬೆನ್ನಿಗೆ. ಬಿಸಿ ಅಂಗಿ ಮೈಗೆ ಹೊಂದಿಕೊಂಡಿರಬೇಕು, ಅದರ ಮೇಲೆ ಗಾಳಿ, ನೀರು ಒಳನುಗ್ಗದ ಜಾಕೆಟ್ ಇರಬೇಕು. ಇಲ್ಲವಾದರೆ ಬಾಗಿಲು ತೆರೆದಿಟ್ಟು ಒಲೆ ಉರಿಸಿದಂತೆ. ಬರಿಮೈ ಮೇಲೆ ಹಾಕುವಂತಿಲ್ಲ. 44 ಡಿಗ್ರಿಯಂಥ ಸಾಧಾರಣ ಬಿಸಿಯೂ ಗಂಟೆಗಟ್ಟಲೆ ಒಂದೇ ಕಡೆ ತಾಗಿದರೆ ಚರ್ಮ ಸುಡುತ್ತದೆ. ಬಿಸಿ ಹೆಚ್ಚುಕಡಿಮೆ ಮಾಡುವ ಗುಂಡಿ ಇರುವುದು ಇದಕ್ಕಾಗಿಯೇ.

ಆದಾಯ ನೋಡಿ ಖರ್ಚು ಮಾಡು ಎಂಬ ಹಿರಿಯರ ಮಾತು ಬೈಕಿಗೂ ಅನ್ವಯಿಸುತ್ತದೆ. 400 ವಾಟ್ ಉತ್ಪಾದಿಸುವ ಬೈಕಿನ ದೀಪ, ಇಂಧನ ಪಂಪು, ಕಿಡಿ ವ್ಯವಸ್ಥೆಗಳಿಗೇ 250 ವಾಟ್ ಹೋದರೆ ಉಳಿಯುವುದು 150. ಅದೂ ಎಂಜಿನ್ ಚೆನ್ನಾಗಿ ತಿರುಗುವಾಗ. ಸಿಗ್ನಲ್ಲಿನಲ್ಲಿ ನಿಂತಾಗ ಉತ್ಪಾದನೆ ಕುಸಿಯುತ್ತದೆ, ಕೊರತೆಯನ್ನು ಬ್ಯಾಟರಿ ತುಂಬುತ್ತದೆ. ಹೀಗೆ ಬ್ಯಾಟರಿ ಬರಿದಾದರೆ ಸಂಜೆ ಕೆಲಸ ಮುಗಿಸಿ ಬಂದವನ ಬೈಕ್ ಚಾಲೂ ಆಗುವುದೇ ಇಲ್ಲ. ಸಣ್ಣ ಬೈಕಿನವರು ಲಿಥಿಯಂ ಬ್ಯಾಟರಿಯ ಕೈಗವಸುಗಳನ್ನು ಬಳಸುತ್ತಾರೆ. ಅವು ಕೆಲವು ಗಂಟೆ ಬಾಳುತ್ತವೆ.

ಅಂಗಿ ಬಿಸಿ, ರಸ್ತೆ ತಣ್ಣಗೆ

ವಾಷಿಂಗ್ಟನ್ ಸರೋವರದ ಮೇಲೆ 2016ರಲ್ಲಿ ತೆರೆದ ಹೊಸ ತೇಲು ಸೇತುವೆಯಿದೆ. ಸುಮಾರು 2,350 ಮೀಟರ್ ಉದ್ದದ ಇದು ಜಗತ್ತಿನ ಅತಿ ಉದ್ದದ ತೇಲು ಸೇತುವೆ ಎಂದು ದಾಖಲಾಗಿದೆ. ಕಾಂಕ್ರೀಟಿನ ದೋಣಿಗಳಂಥ ಪೆಟ್ಟಿಗೆಗಳ ಮೇಲೆ ರಸ್ತೆ ನಿಂತಿದೆ. ಇಲ್ಲಿ ಬಿರುಗಾಳಿ ಬೈಕನ್ನು ಪಕ್ಕಕ್ಕೆ ತಳ್ಳುತ್ತದೆ. ನೆಲದ ಆಸರೆಯಿಲ್ಲದ ಎತ್ತರದ ಸೇತುವೆಗಳು ಮೇಲಿನಿಂದಲೂ ಕೆಳಗಿನಿಂದಲೂ ತಣಿಯುವುದರಿಂದ ಉಳಿದ ರಸ್ತೆಗಿಂತ ಮೊದಲು ಅಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಕಪ್ಪು ಡಾಂಬರಿನ ಮೇಲೆ ಗಾಜಿನಂಥ ಆ ಪದರ ಕಣ್ಣಿಗೆ ಕಾಣುವುದೇ ಇಲ್ಲ. ಚಳಿಯಲ್ಲಿ ಟೈರಿನ ರಬ್ಬರ್ ಕೂಡ ಗಟ್ಟಿಯಾಗಿ ಹಿಡಿತ ಕಡಿಮೆಯಾಗುತ್ತದೆ.

ಬಿಸಿ ಉಡುಪಿನ ನಿಜವಾದ ಅಪಾಯ ಇರುವುದು ಇಲ್ಲಿಯೇ. ಮೈ ಬೆಚ್ಚಗಿರುವ ಸವಾರನಿಗೆ ರಸ್ತೆಯ ಚಳಿ ಮರೆತುಹೋಗಬಹುದು. ನಡುಗುವ ಮೈ ಕೊಡುತ್ತಿದ್ದ ಎಚ್ಚರಿಕೆ ಈಗ ಇಲ್ಲ. ಆದ್ದರಿಂದ ತಿಳಿದವರು ಬೆಳಿಗ್ಗೆ ಎದ್ದೊಡನೆ ಉಷ್ಣಮಾಪಕ ನೋಡುತ್ತಾರೆ. ಅದು 2-3 ಡಿಗ್ರಿಗಿಂತ ಕೆಳಗಿದ್ದರೆ ಎಷ್ಟೇ ಬೆಲೆಯ ಅಂಗಿಯಿದ್ದರೂ ಬೈಕ್ ಮನೆಯಲ್ಲೇ, ಪ್ರಯಾಣ ಬಸ್ಸಿನಲ್ಲಿ.

ಕರ್ನಾಟಕದಲ್ಲಿ ತಂತಿಯ ಅಂಗಿಯ ಅಗತ್ಯ ಸಾಮಾನ್ಯವಾಗಿ ಬಾರದು. ಆದರೆ ಗಾಳಿಚಳಿಯ ನಿಯಮ ಇಲ್ಲಿಗೂ ಅದೇ. ಬೀದರ್‌ನಲ್ಲೋ ಚಿಕ್ಕಮಗಳೂರಿನಲ್ಲೋ 10 ಡಿಗ್ರಿಯ ಮುಂಜಾನೆ 40 ಕಿಲೋಮೀಟರ್ ವೇಗದಲ್ಲಿ ಬೈಕಿನಲ್ಲಿ ಟ್ಯೂಷನ್‌ಗೆ ಹೊರಟ ಕಾಲೇಜು ಹುಡುಗನಿಗೆ ಅದು 6 ಡಿಗ್ರಿಯಂತೆ ತಾಗುತ್ತದೆ. ಉಣ್ಣೆಯ ಸ್ವೆಟರ್ ಒಂದೇ ಇದ್ದರೆ ಗಾಳಿ ಅದರೊಳಗೆ ನುಸುಳುತ್ತದೆ. ಮೇಲೊಂದು ಗಾಳಿ ತಡೆಯುವ ಜಾಕೆಟ್, ಕೈಗೆ ಕೈಗವಸು, ತಲೆಗೆ ಹೆಲ್ಮೆಟ್ ಇರಲಿ. ಮಗ ಅಥವಾ ಮಗಳು ಬೈಕ್ ಏರುವ ಮುನ್ನ ಜೇಬಿನಲ್ಲಿ ಫೋನ್ ಇದೆಯೇ ಎಂದು ಕೇಳುವ ತಂದೆ ತಾಯಿ, ಬೆರಳುಗಳು ಬೆಚ್ಚಗಿವೆಯೇ ಎಂದೂ ಒಮ್ಮೆ ಮುಟ್ಟಿ ನೋಡುವುದು ಒಳಿತು.