ಬಟವಾಡೆ ದಿನದ ಮೀನು

ಲೀಡ್ಸ್‌ನಲ್ಲಿ ಓದುತ್ತಿರುವ ಗೆಳತಿ ಹೋದ ತಿಂಗಳು ಒಂದು ಫೋಟೊ ಕಳಿಸಿದಳು. ರಟ್ಟಿನ ಡಬ್ಬಿಯೊಳಗೆ ಅಂಗೈಗಿಂತ ಉದ್ದದ ಕರಿದ ಮೀನು, ಪಕ್ಕದಲ್ಲಿ ಬೆರಳು ಗಾತ್ರದ ಆಲೂಗಡ್ಡೆ ತುಂಡುಗಳು. "ಹನ್ನೊಂದು ಪೌಂಡು ಕಣೇ. ಖಾರ ಅನ್ನೋದೇ ಇಲ್ಲ" ಅಂತ ಒಂದು ಸಾಲು. "ಆ ದುಡ್ಡಿಗೆ ನಮ್ಮ ದೊಡ್ಡಬಳ್ಳಾಪುರದಲ್ಲಿ ಗಾಡಿಯನ್ನೇ ಖಾಲಿ ಮಾಡಬಹುದು" ಎಂದು ಉತ್ತರ ಬರೆದೆ. ಬರೆದ ಮೇಲೆ ಸುಮ್ಮನಿರಲಾಗದೆ ಲೆಕ್ಕ ಹಾಕಿದೆ. ಗಾಡಿ ಖಾಲಿಯಾಗುವುದಿಲ್ಲ. ಇಪ್ಪತ್ತೈದು ಪೀಸು ಬರುತ್ತದೆ, ಅಷ್ಟೆ.

ಇವತ್ತು ನಮ್ಮ ಬೀದಿಯ ಗಾಡಿಯಲ್ಲಿ ಒಂದು ಪೀಸು ಕಾಟ್ಲಾ ಫ್ರೈಗೆ ಐವತ್ತು ರೂಪಾಯಿ. ನಾನು ಪಿಯುಸಿಗೆ ಹೋಗುತ್ತಿದ್ದ 2013ರಲ್ಲಿ ಇಪ್ಪತ್ತು ಇತ್ತು. ಅಪ್ಪ ಆಗಲೂ ವಿದ್ಯುತ್ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು, ಈಗಲೂ ನೇಯುತ್ತಾರೆ. ಅವರ ಕೂಲಿ ಈ ಅವಧಿಯಲ್ಲಿ ಒಂದೂವರೆ ಪಟ್ಟು ದಾಟಿಲ್ಲ. ಸೂರತ್ ಕಡೆಯಿಂದ ಅಗ್ಗದ ಸೀರೆ ಬಂದು ಬೀಳುವಾಗ ಮಗ್ಗದ ಮಾಲೀಕರ ಹತ್ತಿರ ಕೂಲಿ ಜಾಸ್ತಿ ಮಾಡಿ ಎಂದು ಯಾವ ಬಾಯಲ್ಲಿ ಕೇಳುವುದು, ಎನ್ನುತ್ತಾರೆ ಅಪ್ಪ. ಹಾಗಾಗಿ ನಮ್ಮೂರಿನಲ್ಲಿ ಮೀನಿನ ಬೆಲೆಯನ್ನು ಪೌಂಡಿನಿಂದ ಅಳೆದು ಪ್ರಯೋಜನವಿಲ್ಲ, ಬಟವಾಡೆಯಿಂದ ಅಳೆಯಬೇಕು. ವಾರದ ಕೂಲಿ ಕೈಗೆ ಬರುವ ಸಂಜೆ ಗಾಡಿಯ ಮುಂದೆ ಜನ ಮುಗಿಬೀಳುತ್ತಾರೆ. ಉಳಿದ ದಿನ ಗಾಡಿಯ ಅಕ್ಕ ಬಾಂಡ್ಲಿ ಮುಂದೆ ಕೂತು ಮೊಬೈಲು ನೋಡುತ್ತಿರುತ್ತಾರೆ.

ನನ್ನ ಪಿಎಚ್.ಡಿ. ಮಗ್ಗದ ಮನೆಗಳ ಖರ್ಚುವೆಚ್ಚದ ಮೇಲೆ. ಪ್ರಶ್ನಾವಳಿ ಹಿಡಿದು ಮನೆಮನೆ ತಿರುಗುವಾಗ 'ಆಹಾರಕ್ಕೆ ವಾರಕ್ಕೆ ಎಷ್ಟು?' ಎಂದರೆ ಅಕ್ಕಿ, ರಾಗಿ, ಬೇಳೆ, ಎಣ್ಣೆ, ಭಾನುವಾರದ ಕೋಳಿ, ಎಲ್ಲ ಹೇಳುತ್ತಾರೆ. ಗಾಡಿಯ ಮೀನು ಮಾತ್ರ ಬರುವುದಿಲ್ಲ. ಕೆದಕಿ ಕೇಳಿದರೆ "ಅದು ಊಟ ಅಲ್ವಲ್ಲಮ್ಮ, ಬಾಯಿ ಚಪಲ" ಎಂದು ನಗುತ್ತಾರೆ. ನನ್ನ ಹಾಳೆಯಲ್ಲಿ ಬಾಯಿ ಚಪಲಕ್ಕೆ ಕಾಲಂ ಇರಲಿಲ್ಲ. ಪೆನ್ನಿನಲ್ಲಿ ಗೀಟು ಎಳೆದು ಒಂದು ಮಾಡಿಕೊಂಡೆ. ಕೈ ಬಿಗಿಯಾದ ವಾರ ಮೊದಲು ಸೊನ್ನೆಯಾಗುವುದು ಆ ಕಾಲಮ್ಮೇ.

ಇಂಗ್ಲೆಂಡಿನಲ್ಲೂ ಈ ತಿಂಡಿ ಬೆಳೆದದ್ದು ಬಟ್ಟೆ ಗಿರಣಿಗಳ ಊರಿನಲ್ಲಿ ಎಂಬುದು ನನಗೆ ಇತ್ತೀಚೆಗಷ್ಟೇ ಗೊತ್ತಾಯಿತು. ಲಂಡನ್ನಿನಲ್ಲಿ ಯಹೂದಿ ಕುಟುಂಬಗಳ ಕರಿದ ಮೀನು ಮೊದಲೇ ಹೆಸರಾಗಿತ್ತು. ಉತ್ತರದಲ್ಲಿ 1863ರ ಹೊತ್ತಿಗೆ ಮಾಸ್ಲೀ ಎಂಬ ಹತ್ತಿ ಗಿರಣಿಯ ಊರಿನ ಸಂತೆಯಲ್ಲಿ ಜಾನ್ ಲೀಸ್ ಎಂಬಾತ ಮೀನು, ಆಲೂಗಡ್ಡೆ ಎರಡನ್ನೂ ಮಾರುತ್ತಿದ್ದನಂತೆ. ಹೆಂಗಸರೂ ಗಿರಣಿಗೆ ಹೋಗುವ ಊರುಗಳಲ್ಲಿ ಸಂಜೆ ಒಲೆ ಹಚ್ಚಲು ಯಾರಿಗೂ ಪುರುಸೊತ್ತಿಲ್ಲ. ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸುವ ಈ ಪೊಟ್ಟಣ ಹಾಗೆ ಬೇರು ಬಿಟ್ಟಿತು. ಎರಡನೇ ಮಹಾಯುದ್ಧದಲ್ಲಿ ಬೆಣ್ಣೆ, ಸಕ್ಕರೆ, ಮಾಂಸ ಎಲ್ಲಕ್ಕೂ ರೇಷನ್ ಬಂದಾಗಲೂ ಫಿಶ್ ಅಂಡ್ ಚಿಪ್ಸ್‌ಗೆ ಬರಲಿಲ್ಲ. ಅಲ್ಲಿನ ಸರ್ಕಾರ ಅದನ್ನು ಬಾಯಿ ಚಪಲದ ಕಾಲಮ್ಮಿಗೆ ಹಾಕಿರಲಿಲ್ಲ ಎಂದಾಯಿತು.

ನಮ್ಮಲ್ಲಿ ಹೆಂಗಸರಿಗೆ ಈ ಮೀನು ಸಿಕ್ಕಿದ್ದು ಪಾರ್ಸಲ್ಲಿನಿಂದ. ಗಾಡಿ ನಿಲ್ಲುವುದೇ ವೈನ್ ಶಾಪಿನ ಮಗ್ಗುಲಲ್ಲಿ, ಅಲ್ಲಿ ನಿಂತು ತಿನ್ನುವವರೆಲ್ಲ ಗಂಡಸರು. ಅಮ್ಮ ಮದುವೆಯಾಗಿ ಈ ಊರಿಗೆ ಬಂದು ಮೂವತ್ತು ವರ್ಷವಾದರೂ ಬಾಂಡ್ಲಿಯಿಂದ ತೆಗೆದ ಬಿಸಿಯಲ್ಲೇ ಒಂದು ಪೀಸು ತಿಂದಿಲ್ಲ. ಮನೆ ಸೇರುವಷ್ಟರಲ್ಲಿ ಮೆತ್ತಗಾಗಿರುವ ಮೀನೇ ಅವರಿಗೆ ಮೀನಿನ ರುಚಿ. ನಾನು ಹೋಗಿ ನಿಂತರೆ ಅಕ್ಕ "ನೀನ್ಯಾಕಮ್ಮ ಇಲ್ಲಿ, ಆ ಕಡೆ ನಿಂತ್ಕೋ, ಹುಡುಗನ ಕೈಲಿ ಕಳಿಸ್ತೀನಿ" ಎನ್ನುತ್ತಾರೆ. ಅದರಲ್ಲಿ ಕಾಳಜಿಯೂ ಇದೆ, ಗಿರಾಕಿಗಳಿಗೆ ಇರಿಸುಮುರಿಸು ಆಗಬಾರದೆಂಬ ವ್ಯಾಪಾರವೂ ಇದೆ. ಬೆಂಗಳೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯಲ್ಲಿ ಪಾರ್ಸಲ್ಲಿಗೂ ಪ್ರವೇಶವಿರಲಿಲ್ಲ. ಮಾಲೀಕರು ವಾಸನೆ ಹಿಡಿದೇ ಕಂಡುಹಿಡಿಯುತ್ತಿದ್ದರು.

ಬೆಲೆ ಯಾಕೆ ಏರಿತು ಎಂದು ಅಕ್ಕನನ್ನು ಕೇಳಿದರೆ ಒಂದೇ ಮಾತು: "ಎಣ್ಣೆ." 2022ರ ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಯಿತು; ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನ್, ರಷ್ಯಾಗಳದ್ದು. ಅದೇ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಕೆಲವು ವಾರ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ಖಾದ್ಯ ತೈಲದ ಮೇಲಿನ ಆಮದು ಸುಂಕವನ್ನು ಶೇ. 5.5ರಿಂದ 27.5ಕ್ಕೆ ಏರಿಸಿತು. ಎಣ್ಣೆಕಾಳು ಬೆಳೆಯುವ ರೈತನಿಗೆ ಒಳ್ಳೆಯದೇ. ಬಾಂಡ್ಲಿ ಇಟ್ಟವರಿಗೆ ಉಳಿದದ್ದು ಎರಡೇ ದಾರಿ: ಬೆಲೆ ಏರಿಸುವುದು, ಇಲ್ಲವೇ ಪೀಸು ತೆಳ್ಳಗೆ ಮಾಡುವುದು. ಅಕ್ಕ ಎರಡನ್ನೂ ಮಾಡಿದ್ದಾರೆ. ಮೂರನೆಯದೂ ಒಂದಿದೆ, ಅದೇ ಎಣ್ಣೆಯನ್ನು ನಾಳೆಗೂ ಇಡುವುದು. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇ. 25 ದಾಟಿದರೆ ಬಳಸಬಾರದೆಂದು 2018ರಿಂದ ನಿಯಮವಿದೆ. ಗಾಡಿಗಳಿಗೆ ಅದನ್ನು ಅಳೆಯುವ ಯಂತ್ರ ಯಾರು ಕೊಡುತ್ತಾರೆ? ನಾವು ಮೂಗಿನಿಂದಲೇ ಅಳೆಯುತ್ತೇವೆ. ಮೊದಲ ಬಾಂಡ್ಲಿಯ ಹೊತ್ತಿಗೆ, ಆರೂವರೆಗೇ ಹೋಗಬೇಕು ಎನ್ನುವುದು ನಮ್ಮ ಮನೆಯ ಕಾನೂನು.

ಬಣ್ಣದ ವಿಚಾರದಲ್ಲಿ ಮಾತ್ರ ಸರ್ಕಾರದ ಮಾತು ಗಾಡಿಯವರೆಗೂ ತಲುಪಿತು. ರಾಜ್ಯದಲ್ಲಿ ಕಬಾಬಿನ 39 ಮಾದರಿ ಪರೀಕ್ಷಿಸಿ 8 ಅಸುರಕ್ಷಿತ ಎಂದು ಕಂಡಮೇಲೆ, 2024ರ ಜೂನಿನಲ್ಲಿ ಕೋಳಿ, ಮೀನು, ತರಕಾರಿ ಯಾವ ಕಬಾಬಿಗೂ ಕೃತಕ ಬಣ್ಣ ಹಾಕಬಾರದೆಂದು ಆದೇಶವಾಯಿತು. ಅಕ್ಕ ಕೆಂಪು ಪುಡಿಯ ಡಬ್ಬಿ ಬಿಸಾಡಿದರು. ಮೊದಲ ವಾರ ಗಿರಾಕಿಗಳು "ಏನಕ್ಕ ಇದು, ಬೆಳ್ಳಗಿದೆ, ಬೆಂದಿಲ್ವಾ?" ಎಂದು ತಿರುಗಿಸಿ ತಿರುಗಿಸಿ ನೋಡಿದರಂತೆ. ಈಗ ಬ್ಯಾಡಗಿ ಮೆಣಸಿನಪುಡಿ ಬೆರೆಸುತ್ತಾರೆ. ರುಚಿ ನಿಜಕ್ಕೂ ಸುಧಾರಿಸಿದೆ. ಅದರ ಖರ್ಚೂ ಆ ಐವತ್ತು ರೂಪಾಯಿಯೊಳಗೇ ಸೇರಿದೆ.

ಇಷ್ಟೆಲ್ಲ ಎಣ್ಣೆ, ಬಣ್ಣದ ಮಾತು. ಮೀನಿನ ಮಾತು ಬೇರೆಯೇ ಇದೆ. ನಾನು ಚಿಕ್ಕವಳಿದ್ದಾಗ ಗಾಡಿಯ ಮುಂದೆ ಅಪ್ಪ ಕೇಳುತ್ತಿದ್ದ ಮೊದಲ ಪ್ರಶ್ನೆ "ಯಾವ ಕೆರೇದು?" ಎಂದು. ಅಕ್ಕ ಸುತ್ತಲಿನ ಯಾವುದಾದರೂ ಕೆರೆಯ ಹೆಸರು ಹೇಳಿ "ಬೆಳಿಗ್ಗೆ ಬಲೆಗೆ ಬಿದ್ದಿದ್ದು" ಎನ್ನುತ್ತಿದ್ದರು. ಗ್ಯಾರಂಟಿ ಅಷ್ಟೇ, ಅದೇ ಸಾಕಾಗಿತ್ತು. ಈಗ ಅಪ್ಪ ಕೇಳುವ ಪ್ರಶ್ನೆ ಅದೇ, ಉತ್ತರ ಮಾತ್ರ ತಿರುಗುಮುರುಗಾಗಿದೆ. "ಇಲ್ಲೀದಲ್ಲಣ್ಣ, ಆಂಧ್ರದ್ದು, ಭಯ ಬೇಡ" ಎನ್ನುತ್ತಾರೆ. ಕೃಷ್ಣಾ–ಗೋದಾವರಿ ಬಯಲಿನ ಕೊಳಗಳಲ್ಲಿ ಸಾಕಿ, ಐಸ್ ತುಂಬಿ, ಲಾರಿಯಲ್ಲಿ ರಾತ್ರಿಯೆಲ್ಲ ಬಂದ ಮೀನು ನಮಗೆ ಸಮಾಧಾನ. ಊರ ಪಕ್ಕದ ಕೆರೆಯ ಮೀನು ಅನುಮಾನ.

ಅನುಮಾನಕ್ಕೆ ಕಾರಣವಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನಮ್ಮ ತಾಲ್ಲೂಕಿನ ಕೆರೆಗಳ ಸಾಲಿನಲ್ಲೇ ಹಾದು ಹೆಸರಘಟ್ಟಕ್ಕೆ ಇಳಿಯಬೇಕು. ಆ ಸಾಲಿನ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ಊರಿನ ಚರಂಡಿಯೂ ಬಂದು ಸೇರುತ್ತಿವೆ ಎಂದು ಅಲ್ಲಿನವರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಕುಡಿಯುವ ನೀರಿಗೆ ಅಂಜುವವರು ಮೀನನ್ನು ನಂಬುವುದು ಹೇಗೆ? ದುರಂತ ಏನೆಂದರೆ, ಚೆನ್ನಾಗಿರುವ ಕೆರೆಗಳೂ ತಾಲ್ಲೂಕಿನಲ್ಲಿ ಇವೆ. ಎರಡು ವರ್ಷ ಭಾರಿ ಮಳೆಯಾಗಿ ಕೋಡಿ ಹರಿದಾಗ ಕಾಟ್ಲಾ, ರೋಹು ಮರಿ ಬಿಟ್ಟವರಿಗೆ ಒಳ್ಳೆಯ ಮೀನೇ ಸಿಕ್ಕಿತು. ಗಾಡಿಯ ಬಾಂಡ್ಲಿಯಲ್ಲಿ ಆ ಮೀನಿಗೂ ಈ ಮೀನಿಗೂ ವ್ಯತ್ಯಾಸ ಹೇಳುವವರು ಯಾರು? ಹೆಸರು ಕೆಟ್ಟದ್ದು ಎಲ್ಲ ಕೆರೆಗಳದ್ದೂ.

ಅಕ್ಕನ ಗಂಡ ಮೊದಲು ಗುತ್ತಿಗೆದಾರರ ಜೊತೆ ಬಲೆಗೆ ಹೋಗುತ್ತಿದ್ದವರು. ಈಗ ಬೆಳಗಿನ ಜಾವ ಸ್ಕೂಟರಿನಲ್ಲಿ ಹೋಗಿ ಥರ್ಮಾಕೋಲ್ ಪೆಟ್ಟಿಗೆ ತರುತ್ತಾರೆ. ಬಲೆ ಏನಾಯಿತು ಎಂದು ಕೇಳಿದೆ. "ಹಿತ್ತಲಲ್ಲಿ ಹೀರೇಕಾಯಿ ಬಳ್ಳಿ ಹಬ್ಬಿಸಿದೀವಿ ಕಣಮ್ಮ" ಎಂದರು ಅಕ್ಕ, ಈರುಳ್ಳಿ ಹೆಚ್ಚುತ್ತಾ.

ಹೋದ ಶನಿವಾರ ಅಪ್ಪ ನಾಲ್ಕರ ಬದಲು ಎರಡೇ ಪೀಸು ಕಟ್ಟಿಸಿದರು. ಜೊತೆಗೆ ಅರವತ್ತು ರೂಪಾಯಿಗೆ ಎರಡು ಮೀನಿನ ತಲೆ. ತಲೆಯನ್ನು ಯಾರೂ ಕರಿಯಲು ಕೇಳುವುದಿಲ್ಲವಾದ್ದರಿಂದ ಅಕ್ಕ ಅದನ್ನು ಹಸಿಯಾಗಿಯೇ ಅಗ್ಗಕ್ಕೆ ಕೊಡುತ್ತಾರೆ. ಅಮ್ಮ ಹುಣಸೆಹುಳಿ ಜಾಸ್ತಿ ಹಾಕಿ ಸಾರು ಮಾಡಿದರು, ಮುದ್ದೆಗೆ ಚೆನ್ನಾಗಿತ್ತು. ನನ್ನ ಹಾಳೆಯಲ್ಲಿ ಅರವತ್ತನ್ನು ಆಹಾರಕ್ಕೆ ಬರೆದೆ, ನೂರನ್ನು ಬಾಯಿ ಚಪಲಕ್ಕೆ.